ಒಲೆ ಎಣಿಸಲು ಬಂದಿದ್ದರು

ಈ ಮಾತನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮಗನ ಮದುವೆ ಆಗಿಬಿಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮದುವೆಯಾಯಿತು. ಅಷ್ಟರಲ್ಲಿ ಗಿರಣಿಯ ಮೋಟರು ಸುಟ್ಟಿತು. ಅದರ ದುರಸ್ತಿ ಮುಗಿಯಲಿ ಎಂದೆ. ಆಮೇಲೆ ಕಣ್ಣಿಗೆ ಪೊರೆ ಬಂತು. ಪೊರೆ ತೆಗೆಸಿದ ಮೇಲೆ ಅಕ್ಷರ ಸರಿಯಾಗಿ ಕಾಣುತ್ತವೆ, ಆಗ ಬರೆಯುವುದೇ ವಾಸಿ ಎಂದು ನನ್ನನ್ನು ನಾನೇ ಒಪ್ಪಿಸಿದೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಈಗ ಗೋಡೆಯ ಮೇಲೆ ಕೂತ ಹಲ್ಲಿಯ ಕಾಲಿನ ಬೆರಳೂ ಕಾಣುತ್ತವೆ. ನೆಪ ಮಾತ್ರ ಎಲ್ಲಿ ಹುಡುಕಿದರೂ ಕಾಣುವುದಿಲ್ಲ. ಇದರ ಮೇಲೆ ಬರುವ ಸೋಮವಾರ ಒಂದು ಕಾಗದಕ್ಕೆ ಸಹಿ ಮಾಡಬೇಕಾಗಿದೆ. ಅದಕ್ಕೆ ಮೊದಲೇ ಹೇಳಿಬಿಡಬೇಕು.

ನಾನು ಗಿರಣಿಯವನು. ಬಸವನ ಬಾಗೇವಾಡಿಗೂ ಮುದ್ದೇಬಿಹಾಳಕ್ಕೂ ನಡುವೆ ಇರುವ ಒಂದು ಪುನರ್ವಸತಿ ಕೇಂದ್ರದಲ್ಲಿ ಜೋಳ, ಗೋದಿ ಬೀಸಿಕೊಡುತ್ತೇನೆ. ನಮ್ಮ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಈಗಿನ ಊರಿಗೆ ಸರಕಾರಿ ಹೆಸರು ಬೇರೆ ಇದ್ದರೂ ಎಲ್ಲರೂ ಆರ್.ಸಿ. ಎಂದೇ ಅನ್ನುತ್ತಾರೆ. ಗಿರಣಿಯವನಿಗೆ ಊರಿನಲ್ಲಿ ಯಾರಿಗೂ ಇಲ್ಲದ ಒಂದು ಸವಲತ್ತು ಉಂಟು. ಅವನ ಭಾಷಣವನ್ನು ಜನ ಕೇಳಲೇಬೇಕು. ಅವರ ಜೋಳ ಅವನ ಡಬ್ಬಿಯಲ್ಲಿ ಬಿದ್ದಿರುತ್ತದೆ, ಹಿಟ್ಟಾಗುವ ತನಕ ಎದ್ದು ಹೋಗುವಂತಿಲ್ಲ. ಈ ಸವಲತ್ತನ್ನು ನಾನು ಬಹಳ ವರ್ಷ ಪೂರ್ತಿಯಾಗಿ ಬಳಸಿಕೊಂಡಿದ್ದೇನೆ.

ನನ್ನ ಭಾಷಣದ ವಿಷಯ ಒಂದೇ: ಈಗಿನ ಹುಡುಗರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ. ಸಂಜೆಯಾದರೆ ಗೋಬಿ ಮಂಚೂರಿ ಬೇಕು, ಎರಡು ವರ್ಷಕ್ಕೊಂದು ಮೊಬೈಲು ಬೇಕು, ನಡೆದು ಹೋಗುವಲ್ಲಿಗೆ ಗಾಡಿ ಬೇಕು. ಹೀಗಾದರೆ ಮನೆ ಯಾವಾಗ ಕಟ್ಟುತ್ತಾರೆ? ನಾವು ಹರಿದ ಅಂಗಿಗೆ ತೇಪೆ ಹಾಕಿಕೊಂಡೆವು, ಚಹಾಕ್ಕೆ ಬೆಲ್ಲ ಹಾಕಿಕೊಂಡೆವು, ಅದಕ್ಕೇ ಇವತ್ತು ಎರಡು ಪ್ಲಾಟು ಮಾಡಿಕೊಂಡೆವು. ಇಷ್ಟು ಹೇಳಿ, ಬೀಸುವ ಕಲ್ಲಿನ ತಿರುಪು ಬಿಗಿಮಾಡಿ, ಕಿವಿಯ ಮೇಲಿನ ಹಿಟ್ಟು ಕೊಡವಿಕೊಳ್ಳುತ್ತಿದ್ದೆ. ಬೆಲ್ಲದ ಚಹಾ ಕುಡಿದದ್ದು ನಿಜ. ಆದರೆ ಚಹಾದಲ್ಲಿ ಉಳಿಸಿದ ಸಕ್ಕರೆಯಿಂದ ನಲವತ್ತು ಅರವತ್ತರ ಪ್ಲಾಟು ಹೇಗೆ ಬಂತು ಎಂದು ಯಾರೂ ಕೇಳಿರಲಿಲ್ಲ. ಕೇಳುವವರಿಗೆ ಹಿಟ್ಟಿನ ಅವಸರ.

ಕೇಳಿದವಳು ಸವಿತಾ. ಅವಳು ನನ್ನ ಅಕ್ಕನ ಮೊಮ್ಮಗಳು, ಎಂದರೆ ಅಕ್ಕನ ಮಗಳ ಮಗಳು. ಮುದ್ದೇಬಿಹಾಳದ ಒಂದು ದವಾಖಾನೆಯಲ್ಲಿ ನರ್ಸು. ಗಂಡ ಅಲ್ಲಿಯೇ ಟ್ರ್ಯಾಕ್ಟರಿನ ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮುದ್ದೇಬಿಹಾಳದ ಬಾಡಿಗೆ ತಾಳಲಾರದೆ ಎರಡು ವರ್ಷದಿಂದ ಸವಿತಾಳ ತಾಯಿಯ ಜೊತೆಗೆ ನಮ್ಮ ಇನ್ನೊಂದು ಪ್ಲಾಟಿನ ಹಿಂದಿನ ಎರಡು ಖೋಲಿಗಳಲ್ಲಿ ಇದ್ದಾರೆ. ಬಾಡಿಗೆ ಮೂರೂವರೆ ಸಾವಿರ. ವ್ಯವಹಾರವೆಲ್ಲ ನನ್ನ ಮಗ ಶಿವಾನಂದನದು. "ಬ್ಯಾರೇದವರಿಗೆ ನಾಕ ಸಾವಿರ ಅಪ್ಪಾ, ಬಳಗದಾಕಿ ಅಂತ ಐನೂರ ಬಿಟ್ಟೇನಿ" ಎಂದು ಅವನು ಹೇಳಿದಾಗ ನಾನು ತಲೆಯಾಡಿಸಿದ್ದೆ. ಆ ಐನೂರು ರೂಪಾಯಿ ನನ್ನ ಎದೆಯಲ್ಲಿ ಎಲ್ಲಿ ಹೋಗಿ ಚುಚ್ಚಿತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು.

ಒಂದು ದಿನ ಗೋದಿ ಬೀಸಿಸಲು ಬಂದವಳಿಗೆ ನನ್ನ ಗೋಬಿ ಮಂಚೂರಿ ಪುರಾಣ ಸಿಕ್ಕಿತು. ಪೂರ್ತಿ ಕೇಳಿದಳು. ನರ್ಸುಗಳಿಗೆ ಮುದುಕರ ಮಾತು ಕೇಳಿ ರೂಢಿ ಇರುತ್ತದೆ.

"ಮುತ್ಯಾ, ಒಂದ ಮಾತ ಕೇಳ್ಲಿ?"

"ಕೇಳವ್ವ."

"ನಾವಿಬ್ಬರೂ ಉಣ್ಣಲಾರದ, ತಿನ್ನಲಾರದ, ಪಗಾರ ಪೂರಾ ಹಂಗ ಇಟ್ರೂ ಈ ರೋಡಿನ ಮ್ಯಾಲ ಒಂದ ಪ್ಲಾಟ್ ಹಿಡೀಲಿಕ್ಕೆ ಒಂಬತ್ತು ವರ್ಷ ಬೇಕ್ರಿ. ಗೋಬಿ ನಾವು ತಿಂಗಳಿಗೆ ಒಮ್ಮೆ ತಿಂತೇವಿ. ಅದನ್ನ ಬಿಟ್ರ ಎಷ್ಟ ದಿನ ಮುಂಚೆ ಸಿಗ್ತೈತಿ?"

ಗಿರಣಿಯಲ್ಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ಅವಳು ನಗದೆ ಮತ್ತೆ ಕೇಳಿದಳು: "ನೀವು ಇದನ್ನ ಎಷ್ಟಕ್ಕ ತಗೊಂಡಿದ್ರಿ ಮುತ್ಯಾ?"

ತಗೊಂಡಿರಲಿಲ್ಲ ಎಂದು ಹೇಳಬೇಕಿತ್ತು. "ಹಿಟ್ಟ ಬಿಸಿ ಐತಿ, ಆರಿಸಿ ತುಂಬ್ಕೊ" ಎಂದೆ.

ನಿಮಗೆ ನಿಜ ಹೇಳುತ್ತೇನೆ. ನಮ್ಮ ಅಪ್ಪ ಮನೆ ಕೊಂಡವನಲ್ಲ, ಕಟ್ಟಿದವನೂ ಅಲ್ಲ. ಅವನು ಹುಟ್ಟುವಾಗಲೇ ಮನೆ ಇತ್ತು, ಹೊಳೆ ಇದ್ದ ಹಾಗೆ. ಏಳು ಖಣದ, ಮಣ್ಣಿನ ಚಾವಣಿಯ ಮಾಳಿಗೆ ಮನೆ. ಈಗಿನವರಿಗೆ ಖಣ ಎಂದರೆ ರವಿಕೆಯ ಬಟ್ಟೆ. ನಮ್ಮಲ್ಲಿ ಮನೆಯ ಅಳತೆಯೂ ಅದೇ. ಒಂದು ತೊಲೆಯಿಂದ ಇನ್ನೊಂದು ತೊಲೆಯವರೆಗಿನ ಜಾಗ ಒಂದು ಖಣ. ಹೆಣ್ಣು ಕೊಡುವವರು ಹುಡುಗನ ಮನೆ ಎಷ್ಟು ಖಣದ್ದು ಎಂದು ಕೇಳುತ್ತಿದ್ದರು. ಎಷ್ಟು ರೂಪಾಯಿಯದು ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವುದು, ದೀಪಾವಳಿಗೆ ಗೋಡೆ ಸಾರಿಸುವುದು, ಮನೆಯ ಖರ್ಚು ಎಂದರೆ ಇಷ್ಟೇ. ಮನೆಗೂ ಒಂದು ಬೆಲೆ ಇದೆ ಎಂದು ನಮಗೆ ತಿಳಿದದ್ದು ಅದು ಮುಳುಗುತ್ತದೆ ಎಂದು ಗೊತ್ತಾದ ಮೇಲೆ. ಅಧಿಕಾರಿಗಳು ಬಂದು ತೊಲೆಗೆ ಇಷ್ಟು, ಬಾಗಿಲಿಗೆ ಇಷ್ಟು, ಹಂದರಕ್ಕೆ ಇಷ್ಟು ಎಂದು ಬರೆದುಕೊಂಡರು. ನಮ್ಮಪ್ಪ ಅವರ ಹಿಂದೆ ಹಿಂದೆ ಹೋಗಿ, "ಈ ಗೂಟ ಬರಕೊಂಡ್ರ್ಯಾ? ಇದಕ್ಕ ನಮ್ಮ ಮುತ್ಯಾ ಪಟಗಾ ತೂಗು ಹಾಕ್ತಿದ್ದ" ಎಂದು ಕೇಳಿದ್ದು ನೆನಪಿದೆ. ರುಮಾಲು ತೂಗಿದ ಗೂಟಕ್ಕೆ ಬೆಲೆ ಬರಲಿಲ್ಲ. ಅಪ್ಪ ಅದನ್ನು ಕಿತ್ತು ಇಲ್ಲಿಗೆ ತಂದ. ಸಿಮೆಂಟಿನ ಗೋಡೆ ಅದನ್ನು ಹಿಡಿದುಕೊಳ್ಳಲಿಲ್ಲ.

ಈಗ ಎಲ್ಲರಿಗೂ ಎಲ್ಲದರ ಬೆಲೆ ಗೊತ್ತು. ಇಂಡಿ ಪೇಟೆಯಿಂದ ನಿಂಬೆಹಣ್ಣು ತರುವ ಟೆಂಪೋದವನು ನಿಂಬೆಯ ರೇಟಿಗೆ ಮೊದಲು ಸಿಂದಗಿ ಬೈಪಾಸಿನ ಪ್ಲಾಟಿನ ರೇಟು ಹೇಳುತ್ತಾನೆ. ಆ ರೇಟು ಕೇಳಿದಾಗ ಪ್ಲಾಟು ಇದ್ದವನ ಮುಖ ಒಂದು ತರಹ ಆಗುತ್ತದೆ, ಇಲ್ಲದವನ ಮುಖ ಇನ್ನೊಂದು ತರಹ. ಇಬ್ಬರೂ ಹಿಂದಿನ ತಿಂಗಳು ದುಡಿದದ್ದು ಅಷ್ಟಷ್ಟೇ. ಒಬ್ಬ ಮಲಗಿದ್ದಾಗಲೂ ಬೆಳೆದಿದ್ದಾನೆ, ಇನ್ನೊಬ್ಬ ಎದ್ದು ಓಡಿದರೂ ಹಿಂದೆ ಬಿದ್ದಿದ್ದಾನೆ. ಎಷ್ಟೋ ವರ್ಷ ನಾನು ಮಲಗಿ ಬೆಳೆದವನು. ನನ್ನ ಬುದ್ಧಿವಂತಿಕೆಯಿಂದ ಬೆಳೆದೆ ಎಂದು ತಿಳಿದಿದ್ದೆ. ಹೆಚ್ಚಿನ ಮುದುಕರಿಗೆ ಈ ರೋಗ ಇರುತ್ತದೆ.

ನಮಗೆ ಎರಡು ಪ್ಲಾಟು ಬಂದದ್ದು ಒಲೆಯಿಂದ. ಬಿಡಿಸಿ ಹೇಳುತ್ತೇನೆ.

ಊರು ಬಿಟ್ಟು ಏಳುವ ಮೊದಲು ಮನೆಮನೆಯ ಸಂಸಾರ ಬರೆದುಕೊಳ್ಳುತ್ತಾರೆ ಎಂದು ಸುದ್ದಿ ಬಂತು. ಸಂಸಾರಕ್ಕೊಂದು ಪ್ಲಾಟು. ಒಂದೇ ಸೂರಿನ ಕೆಳಗೆ ಎಷ್ಟು ಸಂಸಾರ ಇವೆ ಎಂದು ಗುರುತಿಸುವುದು ಹೇಗೆ? ಒಲೆಯಿಂದ. ಬೇರೆ ಒಲೆ ಇದ್ದರೆ ಬೇರೆ ಸಂಸಾರ. ನಿಜವಾದ ಕಾನೂನು ಏನಿತ್ತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಊರೆಲ್ಲ ನಂಬಿದ್ದು ಇದನ್ನು. ನಂಬಿದ ಮೇಲೆ ಹದಿನೈದು ದಿನದಲ್ಲಿ ನಮ್ಮೂರಿನಲ್ಲಿ ಹುಟ್ಟಿದಷ್ಟು ಒಲೆಗಳು ಹಿಂದಿನ ನೂರು ವರ್ಷದಲ್ಲಿ ಹುಟ್ಟಿರಲಿಕ್ಕಿಲ್ಲ. ಅಣ್ಣತಮ್ಮಂದಿರು ಬೆಳಗಿನಿಂದ ಸಂಜೆಯ ತನಕ ಬೇರೆ, ಸಂಜೆ ಒಂದೇ ಬುಟ್ಟಿಯ ರೊಟ್ಟಿ. ಒಬ್ಬ ತನ್ನ ಬಾಯಿ ಬಾರದ ಸೋದರಮಾವನನ್ನು ಕರೆದುತಂದು ಹಿತ್ತಲಲ್ಲಿ ಒಲೆಯ ಮುಂದೆ ಕೂಡಿಸಿದ. ಆ ಪುಣ್ಯಾತ್ಮ ಹುಟ್ಟಿ ಒಂದು ದಿನವೂ ಅಡಿಗೆ ಮಾಡಿದವನಲ್ಲ. ಖಾಲಿ ಗಡಿಗೆಯಲ್ಲಿ ಸೌಟು ತಿರುವುತ್ತ ಕೂತಿದ್ದ.

ಒಲೆ ಹಾಕುವುದು ಸುಲಭವಲ್ಲ. ಬರೀ ಎರೆಮಣ್ಣು ಒಣಗಿದಂತೆ ಬಿರಿಯುತ್ತದೆ. ಅದಕ್ಕೆ ಹೊಳೆಯ ರೇವೆ ಕೂಡಿಸಬೇಕು, ಹೊಟ್ಟು ಹಾಕಿ ಒಂದು ರಾತ್ರಿ ಕೊಳೆಸಬೇಕು, ಬೆಳಿಗ್ಗೆ ಕಾಲಿನಿಂದ ತುಳಿದು, ಕೈಯಿಂದ ಮಿದಿಯಬೇಕು. ಬಾಯಿ ಅಗಲವಾದರೆ ಕಟ್ಟಿಗೆ ತಿನ್ನುತ್ತದೆ, ಕಿರಿದಾದರೆ ಹೊಗೆ ಉಗುಳುತ್ತದೆ. ಪಕ್ಕದಲ್ಲಿ ಕೋಡೊಲೆ ತೆಗೆದು, ಇಲ್ಲಿಯ ಉರಿ ಅಲ್ಲಿಯ ಸಾರಿಗೂ ತಾಗುವ ಹಾಗೆ ಓರೆಯಾಗಿ ತೂತು ಕೊಡುವುದಿದೆಯಲ್ಲ, ಅದು ಎಲ್ಲರ ಕೈಗೆ ಹತ್ತುವ ವಿದ್ಯೆಯಲ್ಲ. ನಮ್ಮ ಓಣಿಯಲ್ಲಿ ಅದು ಹತ್ತಿದ್ದು ನನ್ನ ಅಕ್ಕನ ಕೈಗೆ. ಆ ಹದಿನೈದು ದಿನ ಅವಳಿಗೆ ಪುರಸತ್ತಿರಲಿಲ್ಲ. ಸುಳ್ಳು ಒಲೆಗಳನ್ನೂ ಅವಳು ನಿಜವಾದ ಒಲೆಯ ಹಾಗೆಯೇ ಹಾಕಿಕೊಟ್ಟಳು. "ಒಂದ ದಿನದ ಒಲಿಗೆ ಇಷ್ಟ್ಯಾಕವ್ವ ತಿದ್ದತಿ?" ಎಂದರೆ, "ಮಣ್ಣಿಗೆ ಏನ ಗೊತ್ತು ಒಂದ ದಿನದ್ದು ಅಂತ" ಎನ್ನುತ್ತಿದ್ದಳು. ಹಳೆಯದಾಗಿ ಕಾಣಲೆಂದು ಒಳಗೆ ಮಸಿ ಹಿಡಿಸುವ ಉಪಾಯವೂ ಅವಳದೇ.

ಅಕ್ಕ ನಮ್ಮ ಮನೆಯಲ್ಲಿದ್ದು ಆಗ ಹತ್ತು ವರ್ಷ. ತಾಂಬಾದ ಕಡೆ ಅವಳನ್ನು ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದ. ಇವಳು ಸಣ್ಣ ಮಗಳ ಕೈ ಹಿಡಿದುಕೊಂಡು ಬಸ್ಸಿಳಿದಳು. ಒಂದು ವರ್ಷ ನಮ್ಮ ಜೊತೆಗೇ ಉಂಡಳು. ಆಮೇಲೆ ಅವಳಿಗೂ ನನ್ನ ಹೆಂಡತಿಗೂ ರೊಟ್ಟಿಯ ದಪ್ಪದ ಮೇಲೆ ಮಾತು ಬಂತು. ರೊಟ್ಟಿ ಒಂದು ನೆಪ, ಒಂದು ಅಡಿಗೆ ಮನೆಯಲ್ಲಿ ಇಬ್ಬರು ಯಜಮಾನತಿಯರು ಎಂಬುದೇ ಕಾರಣ. ಅಕ್ಕ ಜಗಳಾಡಲಿಲ್ಲ. ದನ ಕಟ್ಟುವ ಖಣದ ಮೂಲೆಯಲ್ಲಿ ಸಣ್ಣದೊಂದು ಒಲೆ ಹಾಕಿಕೊಂಡಳು. ಮಂದಿಯ ಹೊಲದಲ್ಲಿ ಕೂಲಿ ಮಾಡಿ ತನ್ನ ಜೋಳ ತಾನು ತಂದಳು. ಆ ಒಲೆಯ ಮೇಲೆಯೇ ಮಗಳನ್ನು ಬೆಳೆಸಿ, ನಾಲತವಾಡದ ಒಬ್ಬ ಸಿಂಪಿಗನಿಗೆ ಕೊಟ್ಟು ಮದುವೆ ಮಾಡಿದಳು. ಮಗಳು ಹೋದ ಮೇಲೆ ಒಬ್ಬಳದೇ ಗಡಿಗೆ.

ಹೀಗೆ, ಇಡೀ ಊರಿನಲ್ಲಿ ಬೇರೆ ಸಂಸಾರ ಎಂದು ಖರೇನೇ ಹೇಳಬಹುದಾದ ಒಲೆ ಒಂದಿದ್ದರೆ ಅದು ನಮ್ಮ ಮನೆಯ ಮೂಲೆಯಲ್ಲಿತ್ತು.

ಅಪ್ಪನನ್ನು ಬೇರೆ ಸಂಸಾರ ಎಂದು ತೋರಿಸಲು ನಾನು ಅಕ್ಕನಿಂದಲೇ ಪಡಸಾಲೆಯ ಬದಿಗೆ ಒಂದು ಒಲೆ ಹಾಕಿಸಿದೆ. ನಮ್ಮದೊಂದು, ಅಪ್ಪನದೊಂದು, ಅಕ್ಕನದೊಂದು, ಮೂರಾದವು. ಅಷ್ಟರಲ್ಲಿ ಮೇಲಿನ ಓಣಿಯಿಂದ ಸುದ್ದಿ ಬಂತು: ಹೆಚ್ಚು ಒಲೆ ಕಂಡ ಮನೆಯ ಮೇಲೆ ಸಂಶಯ ಬಂದು, ಎಲ್ಲ ಸೇರಿ ಒಂದೇ ಎಂದು ಬರೆದುಬಿಟ್ಟರಂತೆ. ಎರಡಕ್ಕಿಂತ ಹೆಚ್ಚು ಇರಬಾರದು ಎಂದು ನಾನು ತೀರ್ಮಾನಿಸಿದೆ. ಒಂದನ್ನು ತೆಗೆಯಬೇಕು. ಯಾವುದನ್ನು?

ಇಷ್ಟು ವರ್ಷ ಈ ಕಥೆಯನ್ನು ನನಗೆ ನಾನೇ ಹೇಳಿಕೊಳ್ಳುವಾಗ ಇಲ್ಲಿ ಮಾನ ಎಂಬ ಮಾತು ತರುತ್ತಿದ್ದೆ. ಒಡಹುಟ್ಟಿದವಳು ತಮ್ಮನ ಮನೆಯಲ್ಲಿದ್ದು ಬೇರೆ ಬೇಯಿಸಿಕೊಂಡು ಉಣ್ಣುತ್ತಾಳೆ ಎಂದು ಸರಕಾರದ ಕಾಗದದಲ್ಲಿ ಬಂದರೆ ಮನೆತನದ ಮರ್ಯಾದೆ ಏನಾಗಬೇಕು, ಅದಕ್ಕೆ ಹಾಗೆ ಮಾಡಿದೆ ಎಂದು. ಅದೂ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಲೆಕ್ಕ ಇತ್ತು. ಅಪ್ಪನ ಪ್ಲಾಟು ಅಪ್ಪನ ನಂತರ ನನಗೆ ಬರುತ್ತದೆ. ಅಕ್ಕನ ಪ್ಲಾಟು ಅಕ್ಕನ ನಂತರ ನಾಲತವಾಡಕ್ಕೆ ಹೋಗುತ್ತದೆ. ಹತ್ತನೇ ಇಯತ್ತೆಯಲ್ಲಿ ಗಣಿತಕ್ಕೆ ಮೂವತ್ತೈದು ಅಂಕ ತೆಗೆದವನು ನಾನು. ಆ ದಿನ ಈ ಲೆಕ್ಕ ಮಾಡಲು ನನಗೆ ಅರೆಗಳಿಗೆ ಹಿಡಿಯಲಿಲ್ಲ.

ಎಣಿಸುವವರು ನಮ್ಮ ಓಣಿಗೆ ಬಂದದ್ದು ನಾಗರ ಪಂಚಮಿಯ ಮರುದಿನ. ಅವತ್ತು ಬೆಳಿಗ್ಗೆ ದನದ ಮನೆಗೆ ಹೋಗಿ, "ಯಕ್ಕಾ, ನಿನ್ನ ಒಲಿ ತೆಗೀಬೇಕಾಗೇತಿ" ಎಂದೆ.

"ಯಾಕೋ?"

"ಮೂರ ಕಂಡ್ರ ಸಾಹೇಬರಿಗೆ ಸಂಶೆ ಬರ್ತೈತಿ."

ಅವಳು ಒಲೆಯ ಮೇಲಿನ ಗಡಿಗೆ ಇಳಿಸಿದಳು. ಆ ಲೆಕ್ಕ ಅವಳೂ ಮಾಡಿದಳೋ ಏನೋ. ಮಾಡಿದ್ದರೆ ನನಗಿಂತ ಬೇಗ ಮಾಡಿರುತ್ತಾಳೆ. "ಹೌದ ಬಿಡು, ಅಪ್ಪಂದು ಇರ್ಲಿ. ಹೊಸಾದು, ಚಲೋ ಬಂದೈತಿ" ಎಂದಳು. ನಾನು ಹಾರೆ ಎತ್ತಿದ್ದಕ್ಕೆ, "ನೀ ಮುಟ್ಟಬ್ಯಾಡ, ಬೂದಿ ಮನಿ ತುಂಬ ಹಾರಸ್ತಿ" ಎಂದು ಕಸಿದುಕೊಂಡು ತಾನೇ ಒಡೆದು, ಮಣ್ಣನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಿ ಬಂದಳು. ಆ ಜಾಗಕ್ಕೆ ಸಗಣಿ ಬಳಿದಳು. ಒಂದು ತಾಸಿನಲ್ಲಿ ಅಲ್ಲಿ ಯಾವತ್ತೂ ಒಲೆ ಇರಲಿಲ್ಲ.

ಸಾಹೇಬರು ಬಂದರು. ಜೊತೆಗೆ ಒಬ್ಬ ಗುಮಾಸ್ತ. ಎರಡು ಒಲೆ ನೋಡಿದರು, ಎರಡು ಸಂಸಾರ ಬರೆದುಕೊಂಡರು. ಗುಮಾಸ್ತ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ತೋರಿಸಿ, "ಇವರ್ಯಾರು?" ಎಂದ.

"ನಮ್ಮಕ್ಕರಿ. ಪಂಚಮಿಗೆ ಬಂದಾಳ. ಹಬ್ಬ ಮುಗೀತು, ನಾಳಿಗೆ ನಾಡದ್ದಿಗೆ ಹೋಗ್ತಾಳ."

ನಮ್ಮ ಕಡೆ ಪಂಚಮಿ ಎಂದರೆ ತವರಿಗೆ ಬಂದ ಹೆಣ್ಣುಮಕ್ಕಳ ಹಬ್ಬ. ಆ ವಾರ ಯಾರ ಮನೆಯಲ್ಲಿ ನೋಡಿದರೂ ಹಾಗೆ ಬಂದ ಅಕ್ಕತಂಗಿಯರೇ. ಅನುಮಾನಕ್ಕೆ ಜಾಗವೇ ಇರಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಅಕ್ಕ ಒಳಗೆ ಹೋಗಿ ತಾಟಿನಲ್ಲಿ ಶೇಂಗಾದ ಉಂಡಿ ತಂದಳು. "ಹಬ್ಬದಾಗ ಬಂದೀರಿ, ಬಾಯಿ ಸೀ ಮಾಡಕೊಂಡ ಹೋಗ್ರಿ" ಎಂದಳು.

ಗುಮಾಸ್ತ ಹುಡುಗಾಟದವನು. "ತವರಮನಿ ಉಂಡಿ ನಮಗ ಕೊಟ್ಟ ಬಿಟ್ರ ಗಂಡನ ಮನಿಗೆ ಏನ ಒಯ್ತೀರಿ ಯಕ್ಕಾರ?"

"ನಮ್ಮ ತಮ್ಮ ಬುಟ್ಟಿ ತುಂಬ ಕಟ್ಟಿ ಕಳಸ್ತಾನ, ನೀವು ತಗೋರಿ."

ಈ ಒಂದು ಮಾತು ನನ್ನನ್ನು ಮೂವತ್ತು ವರ್ಷದಿಂದ ಬಿಟ್ಟಿಲ್ಲ. ಅದರಲ್ಲಿ ಚುಚ್ಚು ಇತ್ತೇ ಎಂದು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಇದ್ದಿದ್ದರೆ ಚೆನ್ನಾಗಿತ್ತು, ಸಿಟ್ಟಿಗೆದ್ದು ಹಗುರಾಗಬಹುದಿತ್ತು. ಇರಲಿಲ್ಲ. ನಾನು ಹೇಳಿದ ಸುಳ್ಳು ಎಲ್ಲಿ ಸೋರುತ್ತದೋ ಎಂದು ಅವಳು ಮೇಲೆ ಇನ್ನೊಂದು ಪದರ ಮಣ್ಣು ಹಾಕಿದಳು, ಅಷ್ಟೇ.

ಪ್ಲಾಟು ಬಂದವು. ನನ್ನ ಹೆಸರಿನದರಲ್ಲಿ ನಾವಿದ್ದೇವೆ. ಅಪ್ಪನ ಹೆಸರಿನದು ದೈವಕ್ಕೆ ರಸ್ತೆಯ ಮೇಲೆ ಬಿತ್ತು. ಮುಂದೆ ಎರಡು ಅಂಗಡಿ, ಹಿಂದೆ ಎರಡು ಖೋಲಿ ಕಟ್ಟಿದೆವು. ಇವತ್ತು ಅದಕ್ಕೆ ಮೂವತ್ತು ಲಕ್ಷ ಎನ್ನುತ್ತಾರೆ. ಇಲ್ಲಿ ಮೊದಲ ಮಳೆಗಾಲ ತಗಡಿನ ಶೆಡ್ಡಿನಲ್ಲಿ ಕಳೆದೆವು. ಆಗ ಅಕ್ಕ, "ಇಲ್ಲಿ ಜಾಗ ಸಾಲೂದಿಲ್ಲ, ಮಗಳ ಹಂತೇಕ ಇರ್ತೇನಿ" ಎಂದು ಒಂದು ಗಂಟು ತಗೊಂಡು ನಾಲತವಾಡದ ಬಸ್ಸು ಹತ್ತಿದಳು. ಅಳಿಯನ ಮನೆಯಲ್ಲಿ ಇರುವುದು ನಮ್ಮಲ್ಲಿ ಎಷ್ಟು ಹೀನಾಯ ಎಂದು ನಿಮಗೆ ಗೊತ್ತು. ಅಳಿಯನಿಗೂ ಸ್ವಂತ ಮನೆ ಇರಲಿಲ್ಲ.

ಅವಳು ಹೋಗಿ ಸೇರಿ ಇಪ್ಪತ್ತು ವರ್ಷದ ಮೇಲೆ ಹಾಸಿಗೆ ಹಿಡಿದಳು. ನೋಡಲು ಹೋಗಿದ್ದೆ. ಆ ದಿನ ಹೇಳಿಯೇ ಬರಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವಳು ಕೇಳಿದ್ದು ಗಿರಣಿಯ ಸುದ್ದಿ. ನಾನು ಹೇಳಿದ್ದು ಕರೆಂಟ್ ಬಿಲ್ಲಿನ ಸುದ್ದಿ. ಎರಡು ತಾಸು ಕರೆಂಟ್ ಬಿಲ್ಲಿನ ಮೇಲೆ ಮಾತಾಡಿ, ಕೈಗೆ ಎರಡು ನೂರು ರೂಪಾಯಿ ಹಿಡಿಸಿ ಎದ್ದು ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಅವಳಿರಲಿಲ್ಲ.

ಈಗ ಸೋಮವಾರದ ವಿಷಯಕ್ಕೆ ಬರುತ್ತೇನೆ.

ಶಿವಾನಂದನ ಮಗಳು ಈ ವರ್ಷ ಪಿ.ಯು.ಸಿ. ಮುಗಿಸುತ್ತಾಳೆ. ಮುಂದಿನ ಓದಿಗೆ ವಿಜಯಪುರವೇ ಆಗಬೇಕು, ಅಲ್ಲಿ ಒಂದು ಪ್ಲಾಟು ಹಿಡಿಯಬೇಕು, ಈಗ ಹಿಡಿಯದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂಬುದು ಅವನ ಚಿಂತೆ. ಅವನ ತಲೆಗೂದಲು ನನಗಿಂತ ಬೇಗ ಬೆಳ್ಳಗಾಗಿದೆ. ಆ ಪ್ಲಾಟಿಗೆ ಎರಡು ಲಕ್ಷ ಮುಂಗಡ, ನಮ್ಮ ಮಾತಿನಲ್ಲಿ ಸಂಚಕಾರ, ಕೊಟ್ಟುಬಂದಿದ್ದಾನೆ. ಉಳಿದದ್ದಕ್ಕೆ ಅಪ್ಪನ ಹೆಸರಿನ ಪ್ಲಾಟು ಮಾರಬೇಕು. ಕೊಳ್ಳುವವರೂ ಸಿಕ್ಕಿದ್ದಾರೆ, ಎಲ್ಲ ಕೆಡವಿ ಎರಡಂತಸ್ತಿನ ಅಂಗಡಿ ಕಟ್ಟುತ್ತಾರಂತೆ. ಸವಿತಾಗೆ ಯುಗಾದಿಯೊಳಗೆ ಖಾಲಿ ಮಾಡಲು ಹೇಳಿಯಾಗಿದೆ. ಆದರೆ ಪ್ಲಾಟು ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ. ಮೊದಲು ವಂಶಾವಳಿ ಬೇಕು. ಎಂದರೆ ಅಪ್ಪನಿಗೆ ಎಷ್ಟು ಮಕ್ಕಳು, ಯಾರ್ಯಾರು ಎಂದು ನಾನು ಬರೆದು, ಇದು ಸತ್ಯ ಎಂದು ಸಹಿ ಮಾಡಬೇಕು. ಪ್ಲಾಟು ಮಾರಿಸಿಕೊಡುವ ಏಜೆಂಟ್ ಕಾಗದ ತಯಾರು ಮಾಡಿ ತಂದ. ಅದರಲ್ಲಿ ಒಂದೇ ಸಾಲು, ಮಗ ಎಂದು ನನ್ನ ಹೆಸರು. ಉಳಿದ ಖಾಲಿ ಜಾಗದಲ್ಲಿ ಯಾರೂ ಏನೂ ಸೇರಿಸದಂತೆ ಓರೆಯಾಗಿ ಒಂದು ಗೆರೆ ಎಳೆದಿದ್ದ. "ಹೆಣ್ಮಕ್ಕಳ ಹೆಸರ ಹಾಕಿದ್ರ ಸುಮ್ನ ಓಡಾಟ ಹೆಚ್ಚರಿ ಅಜ್ಜಾರ, ಎಲ್ಲಾರೂ ಹಿಂಗ ಮಾಡ್ತಾರ" ಎಂದ.

ಆ ಕಾಗದ ಗಿರಣಿಯ ಪೆಟ್ಟಿಗೆಯಲ್ಲಿದ್ದಾಗಲೇ ಸವಿತಾ ಬಂದಳು. ದವಾಖಾನೆಯಿಂದ ನೇರ ಬಂದಿದ್ದಳು, ಬಾಡಿಗೆ ಮನೆ ನೋಡಿ ಸೋತಿದ್ದಳು.

"ಆರು ಸಾವಿರ ಅಂತಾರ ಮುತ್ಯಾ, ಮ್ಯಾಲ ಐವತ್ತು ಸಾವಿರ ಡಿಪಾಜಿಟ್. ಇದು ನಮ್ಮವ್ವಗ ಹನ್ನೊಂದನೇ ಮನಿ ಆದಂಗ ಆತು ನೋಡ್ರಿ. ನಾ ಹುಟ್ಟಿದಾಗಿಂದ ಎಣಿಸಿದ್ದು ಎಂಟು."

ನಾನು ಮಾತನ್ನು ಅವಳ ಅಜ್ಜಿಯ ಕಡೆ ಹೊರಳಿಸಿ, "ನಿಮ್ಮ ಆಯಿಗೆ ಭಾಳ ತ್ರಾಸ ಆಗಿರಬೇಕಲ್ಲ, ಅಷ್ಟ ಮನಿ ಬದಲಿ ಮಾಡೂದು" ಎಂದೆ.

ಅವಳು ನಕ್ಕಳು. "ಆಯಿಂದ ಒಂದ ಗೊಡವಿ ರೀ. ಯಾವ ಬಾಡಿಗಿ ಮನಿಗೆ ಹೋದ್ರೂ ಮೊದಲ ಹಿತ್ತಲದಾಗ ಒಂದ ಮಣ್ಣಿನ ಒಲಿ ಹಾಕ್ತಿದ್ಲು. ಮನ್ಯಾಗ ಗ್ಯಾಸ ಇತ್ತು. ಮಾಲಕರು ಗ್ವಾಡಿ ಕರ್ರಗಾಗ್ತೈತಿ ಅಂತ ಬೈದು ಒಡಸ್ತಿದ್ರು. ಮುಂದಿನ ಮನ್ಯಾಗ ಮತ್ತ ಹಾಕಾಕಿ."

"ಹಳೀ ಊರಿಂದ ಏನರ ಹೇಳ್ತಿದ್ಲೇನು?"

"ನಮ್ಮ ತಮ್ಮನ ಮನಿ ಏಳ ಖಣದ್ದು ಅಂತಿದ್ಲು. ಅದನ್ನೊಂದ ಹೇಳಾಕಿ."

ಅವಳು ಚೀಲ ಎತ್ತಿಕೊಂಡು ಹೋದಳು. ಬೀಸಿದ್ದಕ್ಕೆ ದುಡ್ಡು ಬೇಡ ಎಂದರೂ ಇಟ್ಟೇ ಹೋದಳು.

ಮರುದಿನ ಬೆಳಿಗ್ಗೆ ಶಿವಾನಂದನಿಗೆ ಎಲ್ಲ ಹೇಳಿದೆ. ಒಲೆ, ಪಂಚಮಿ, ಉಂಡಿ, ಎಲ್ಲ. ಎಣಿಸುವವರು ಬಂದಾಗ ಅವನು ಹುಡುಗ, ಶಾಲೆಗೆ ಹೋಗಿದ್ದ, ಈ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಪೂರ್ತಿ ಕೇಳಿದ. ಆಮೇಲೆ, "ಅತ್ತಿ ಹೆಸರ ಹಾಕಿದ್ರ ಅರ್ಧ ಹೋಗ್ತೈತಿ, ಗೊತ್ತೈತಲ್ಲ?" ಎಂದ.

"ಗೊತ್ತೈತಿ."

"ಸಂಚಕಾರ ಮುಳುಗ್ತೈತಿ."

"ಗೊತ್ತೈತಿ."

"ನೀ ತಪ್ಪ ಮಾಡಿದಿ, ನನ್ನ ಮಗಳು ಯಾಕ ಕೊಡಬೇಕಪ್ಪಾ?"

ಸವಿತಾ ಯಾಕೆ ಕೊಡುತ್ತ ಬಂದಳು ಎಂದು ತಿರುಗಿ ಕೇಳಬಹುದಿತ್ತು. ಅವನ ಬೆಳ್ಳಗಾದ ತಲೆ ನೋಡಿ ಕೇಳಲಿಲ್ಲ. ಮಕ್ಕಳಿಗೆ ನಾವು ಆಸ್ತಿಯನ್ನಷ್ಟೇ ಬಿಟ್ಟುಹೋಗುತ್ತೇವೆ ಎಂದುಕೊಂಡಿರುತ್ತೇವೆ. ಅದನ್ನು ಹೇಗೆ ಮಾಡಿದೆವು ಎಂಬುದೂ ಅದರ ಜೊತೆಗೇ ಹೋಗುತ್ತದೆ, ಬೇರೆ ಮಾಡಲು ಬರುವುದಿಲ್ಲ. ನನ್ನ ಮೊಮ್ಮಗಳು ವಿಜಯಪುರದಲ್ಲಿ ಬಾಡಿಗೆ ಖೋಲಿ ಹುಡುಕಬೇಕಾಗುತ್ತದೆ. ಅವಳು ಗೋಬಿ ಮಂಚೂರಿ ತಿಂದರೆ ನಾನು ಇನ್ನು ಏನೂ ಅನ್ನಲಾರೆ.

ಶಿವಾನಂದ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಸಹಿ ಮಾಡಬೇಡ ಎಂದೂ ಹೇಳಿಲ್ಲ, ಮಾಡು ಎಂದೂ ಹೇಳಿಲ್ಲ. ಊಟಕ್ಕೆ ಕೂತಾಗ ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸುತ್ತಾನೆ, ಅಷ್ಟು ಇದೆ.

ಇವತ್ತು ಮಧ್ಯಾಹ್ನ ಕರೆಂಟು ಹೋಯಿತು, ಗಿರಣಿ ನಿಂತಿತು. ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಗೆ ಹೋಗಿ, ಗೆರೆ ಎಳೆಯದ ಹೊಸ ಅರ್ಜಿ ತಂದೆ. ಜೋಳದ ಚೀಲದ ಮೇಲೆ ಹಲಗೆ ಇಟ್ಟುಕೊಂಡು ಬರೆಯಲು ಕೂತೆ. ಸೋಮವಾರ ಏನಾಗುತ್ತದೋ, ಮಂಗಳವಾರ ನನ್ನ ಮಗ ಯಾವ ಮುಖದಿಂದ ನೋಡುತ್ತಾನೋ, ಸವಿತಾ ಸುದ್ದಿ ತಿಳಿದ ಮೇಲೆ ಮುತ್ಯಾ ಎಂದು ಕರೆಯುತ್ತಾಳೋ ಇಲ್ಲವೋ.

ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಎರಡನೆಯ ಸಾಲಿಗೆ ಬಂದಾಗ, ತಪ್ಪಾಯಿತು ಎಂಬ ಮಾತನ್ನು ಎಲ್ಲಿ ಬರೆಯುವುದು ಎಂದು ಅರ್ಜಿಯನ್ನು ಮೇಲಿನಿಂದ ಕೆಳಗೆ ಹುಡುಕಿದೆ. ಅದಕ್ಕೆ ಜಾಗ ಇಟ್ಟಿಲ್ಲ. ಮೂರೇ ಕಾಲಂ ಇವೆ: ಹೆಸರು, ಸಂಬಂಧ, ವಯಸ್ಸು. ಸುಲಭವಾದದ್ದನ್ನು ಮೊದಲು ಮಾಡುವ ಚಾಳಿ ನನಗೆ ಶಾಲೆಯಿಂದ ಇದೆ, ಹಾಗಾಗಿ ಕೊನೆಯಿಂದ ಹಿಂದಕ್ಕೆ ತುಂಬಿದೆ. ವಯಸ್ಸು ಎಂದಿದ್ದಲ್ಲಿ ಮೃತರು ಎಂದು ಬರೆದೆ. ಸಂಬಂಧ ಎಂದಿದ್ದಲ್ಲಿ ಮಗಳು ಎಂದು ಬರೆದೆ. ಆಮೇಲೆ ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡೆ, ಮತ್ತೆ ಎತ್ತಿಕೊಂಡು, ಅಕ್ಷರ ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಹೆಸರು ಬರೆದೆ: ಬೌರವ್ವ.